ರೇಂಜ್‌ಫೈಂಡರ್‌ನ ಅನುಭವ ಕೊಡುವ ಪುಟ್ಟ ಡಿಜಿಟಲ್ ಕ್ಯಾಮರಾ: ಆಯ್ಕೆಗೆ ಮುನ್ನ ತಿಳಿದಿರಬೇಕಾದದ್ದು

ಬೆಳ್ಳಿ ಬಣ್ಣದ ನೆತ್ತಿ, ಚರ್ಮದಂತಹ ಕಪ್ಪು ಹೊದಿಕೆ ಮತ್ತು ಮೇಲೆ ಒಂದೆರಡು ತಿರುಗುಗುಂಡಿಗಳಿದ್ದರೆ ಸಾಕು, ಆ ಡಿಜಿಟಲ್ ಕ್ಯಾಮರಾವನ್ನು ರೇಂಜ್‌ಫೈಂಡರ್ (ಎರಡು ಬಿಂಬಗಳನ್ನು ಕೂಡಿಸಿ ದೂರ ಅಳೆಯುವ ಹಳೆಯ ಬಗೆಯ ಕ್ಯಾಮರಾ) ಶೈಲಿಯದೆಂದು ಕರೆದು ಮಾರುವುದು ಈಗ ರೂಢಿಯಾಗಿದೆ. ಕೊಳ್ಳುವವರು ನೋಟಕ್ಕೆ ಮರುಳಾಗದೆ, ಕಣ್ಣಿಟ್ಟು ನೋಡುವ ಕಿಂಡಿ ಹೇಗಿದೆ ಮತ್ತು ದೂರವನ್ನು ಮೊದಲೇ ಗೊತ್ತುಮಾಡಿಕೊಳ್ಳಲು ಕ್ಯಾಮರಾ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕೆಂಬುದು ಈ ಟಿಪ್ಪಣಿಯ ವಾದ. ಆ ಪ್ರಶ್ನೆಗಳು ಏಕೆ ಮುಖ್ಯವೆಂದು ತಿಳಿಯಲು ಹಳೆಯ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತೆಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಎರಡು ಕಿಂಡಿಗಳ ಲೆಕ್ಕ

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ. ಬಳಿಕ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಪಕ್ಕಕ್ಕೆ ಜರುಗಿದಂತೆ ಕಾಣುತ್ತದೆ. ಬೆರಳು ಹತ್ತಿರವಿದ್ದಷ್ಟೂ ಜರುಗುವಿಕೆ ಹೆಚ್ಚು, ದೂರ ಒಯ್ದಷ್ಟೂ ಕಡಿಮೆ. ರೇಂಜ್‌ಫೈಂಡರ್ ದೂರವನ್ನು ಅಳೆಯುವುದು ಇದೇ ವ್ಯತ್ಯಾಸದಿಂದ. ಕ್ಯಾಮರಾದ ಮುಂಭಾಗದಲ್ಲಿ ಒಂದಕ್ಕೊಂದು ಕೆಲವು ಸೆಂಟಿಮೀಟರ್ ಅಂತರದಲ್ಲಿ ಎರಡು ಕಿಂಡಿಗಳಿರುತ್ತವೆ. ಎರಡನೆಯ ಕಿಂಡಿಯಿಂದ ಬಂದ ಬಿಂಬ ವ್ಯೂಫೈಂಡರ್‌ನ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ನಡುವೆ ಒಂದು ಪುಟ್ಟ ಚೌಕದಲ್ಲಿ ಮೊದಲ ಬಿಂಬದ ಮೇಲೆ ಬೀಳುತ್ತದೆ. ಲೆನ್ಸಿನ ಫೋಕಸ್ ಬಳೆಯನ್ನು ತಿರುಗಿಸಿದಾಗ ಆ ಎರಡನೆಯ ಬಿಂಬ ಅಡ್ಡಕ್ಕೆ ಸರಿಯುತ್ತದೆ. ಎದುರಿಗಿರುವವರ ಕನ್ನಡಕದ ಅಂಚು ಎರಡಾಗಿ ಕಾಣುತ್ತಿದ್ದದ್ದು ಒಂದಾಗಿ ಕೂಡಿಕೊಂಡ ಕ್ಷಣದಲ್ಲಿ ಫೋಕಸ್ ಆಯಿತೆಂದು ಅರ್ಥ.

ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಂಪನಿಯಲ್ಲಿ ಆಸ್ಕರ್ ಬಾರ್ನಾಕ್ ರೂಪಿಸಿದ, 1925ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಲೈಕಾದಲ್ಲಿ ಈ ಏರ್ಪಾಡು ಇರಲಿಲ್ಲ. ದೂರವನ್ನು ಅಂದಾಜಿಸಿ ಲೆನ್ಸಿನ ಮೇಲಿನ ಅಂಕೆಗೆ ಹೊಂದಿಸಬೇಕಿತ್ತು. ಲೆನ್ಸಿಗೆ ಜೋಡಿಸಿದ ರೇಂಜ್‌ಫೈಂಡರ್ ಬಂದದ್ದು 1932ರ ಲೈಕಾ 2 ಮತ್ತು ಅದೇ ವರ್ಷದ ಕಾಂಟ್ಯಾಕ್ಸ್ ಕ್ಯಾಮರಾಗಳಲ್ಲಿ. ಇಂದು ನಾವು ರೇಂಜ್‌ಫೈಂಡರ್ ಎಂದಾಗ ಮನಸ್ಸಿಗೆ ಬರುವ ರೂಪವನ್ನು ನೆಲೆಗೊಳಿಸಿದ್ದು 1954ರ ಲೈಕಾ ಎಂ3. ಅದರಲ್ಲಿ ಚೌಕಟ್ಟು ನೋಡುವ ಕಿಂಡಿ ಮತ್ತು ದೂರ ಅಳೆಯುವ ಕಿಂಡಿ ಒಂದೇ ಆದವು; ಹಾಕಿದ ಲೆನ್ಸಿಗೆ ತಕ್ಕಂತೆ 50, 90 ಅಥವಾ 135 ಮಿ.ಮೀ. ಲೆನ್ಸಿನ ಚೌಕಟ್ಟನ್ನು ತೋರಿಸುವ ಹೊಳೆಯುವ ಗೆರೆಗಳು ತಾವಾಗಿಯೇ ಮೂಡಿದವು. ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಆ ಗೆರೆಗಳು ಓರೆಯಾಗಿ ಕೆಳಕ್ಕೆ ಸರಿದು, ಕಿಂಡಿಯ ನೋಟಕ್ಕೂ ಲೆನ್ಸಿನ ನೋಟಕ್ಕೂ ಇರುವ ವ್ಯತ್ಯಾಸವನ್ನು ಸರಿದೂಗಿಸಿದವು. ಕಿಂಡಿಯ ವರ್ಧನೆ ಸುಮಾರು 0.91 ಇದ್ದುದರಿಂದ ಎರಡೂ ಕಣ್ಣು ತೆರೆದಿಟ್ಟು ನೋಡಿದರೂ ಲೋಕ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕಾಣುತ್ತಿತ್ತು.

ಕಲಿಯುವವರು ಇಲ್ಲಿ ಗಮನಿಸಬೇಕಾದ ಫಲಗಳಿವೆ. ಚೌಕಟ್ಟಿನ ಗೆರೆಗಳ ಹೊರಗೂ ದೃಶ್ಯ ಮುಂದುವರಿಯುವುದರಿಂದ, ಬೀದಿಯ ಎಡಬದಿಯಿಂದ ಬರುತ್ತಿರುವ ಸೈಕಲ್ ಚಿತ್ರದೊಳಗೆ ಕಾಲಿಡುವ ಮೊದಲೇ ಕಣ್ಣಿಗೆ ಬೀಳುತ್ತದೆ. ಲೆನ್ಸಿನ ನೋಟವನ್ನೇ ಕನ್ನಡಿಯ ಮೂಲಕ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ಕ್ಯಾಮರಾದಲ್ಲಿರುವಂತೆ ಕನ್ನಡಿ ಮೇಲೇಳುವುದಿಲ್ಲವಾದ್ದರಿಂದ ಶಟರ್ ತೆರೆದ ಕ್ಷಣದಲ್ಲಿ ಕಣ್ಣಿಗೆ ಕತ್ತಲೆ ಕವಿಯುವುದಿಲ್ಲ. ಇನ್ನೊಂದೆಡೆ, ಕಿಂಡಿಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುವುದರಿಂದ ಚಿತ್ರದಲ್ಲಿ ಯಾವುದು ಮಸುಕಾಗುತ್ತದೆ ಎಂಬುದನ್ನು ಛಾಯಾಗ್ರಾಹಕರು ಮನಸ್ಸಿನಲ್ಲೇ ಲೆಕ್ಕಹಾಕಬೇಕು. ಈ ಲೆಕ್ಕವನ್ನು ಕೆಲವರು ಕೊರತೆಯೆಂದು ಭಾವಿಸುತ್ತಾರೆ; ನನ್ನ ದೃಷ್ಟಿಯಲ್ಲಿ ಈ ಬಗೆಯ ಕ್ಯಾಮರಾ ಕಲಿಸುವ ಅತ್ಯಂತ ಬೆಲೆಬಾಳುವ ಪಾಠ ಅದೇ.

ನಿಜವಾದ ಡಿಜಿಟಲ್ ರೇಂಜ್‌ಫೈಂಡರ್‌ಗಳು

ಈ ಯಂತ್ರವನ್ನೇ ಒಳಗೊಂಡ ಡಿಜಿಟಲ್ ಕ್ಯಾಮರಾಗಳು ಬೆರಳೆಣಿಕೆಯಷ್ಟೇ. ಮೊದಲನೆಯದು 2004ರ ಎಪ್ಸನ್ ಆರ್-ಡಿ1: ಆರು ಮೆಗಾಪಿಕ್ಸೆಲ್ ಸೆನ್ಸರ್, ಗಡಿಯಾರದ ಮುಳ್ಳುಗಳಂತೆ ಚಲಿಸಿ ಬ್ಯಾಟರಿ ಮತ್ತು ಉಳಿದ ಚಿತ್ರಗಳನ್ನು ತೋರಿಸುವ ಸೂಚಕಗಳು, ಪ್ರತಿ ಚಿತ್ರಕ್ಕೂ ಮುನ್ನ ಎಳೆಯಬೇಕಾದ ಸನ್ನೆ (ಲಿವರ್). ಲೈಕಾ ಎಂ8 2006ರಲ್ಲಿ, ಪೂರ್ಣ 35 ಮಿ.ಮೀ. ಅಳತೆಯ ಸೆನ್ಸರ್ ಹೊಂದಿದ ಎಂ9 2009ರಲ್ಲಿ, ಫಿಲ್ಮ್ ಕ್ಯಾಮರಾಗಳಷ್ಟೇ ತೆಳುವಾದ ಎಂ10 2017ರಲ್ಲಿ ಮತ್ತು 60 ಮೆಗಾಪಿಕ್ಸೆಲ್‌ಗಳ ಎಂ11 2022ರಲ್ಲಿ ಬಂದವು. ಹಳೆಯ ಎಂ9 ಕೊಳ್ಳುವವರು ಅದರ ಸೆನ್ಸರ್ ಬದಲಾಗಿದೆಯೇ ಎಂದು ತಪ್ಪದೆ ವಿಚಾರಿಸಬೇಕು, ಏಕೆಂದರೆ ಸೆನ್ಸರ್ ಮೇಲಿನ ಗಾಜು ಕಾಲಕ್ರಮದಲ್ಲಿ ಹಾಳಾಗುವ ದೋಷ ಆ ಮಾದರಿಯಲ್ಲಿ ವ್ಯಾಪಕವಾಗಿ ಕಂಡುಬಂದಿತ್ತು. 2025ರಲ್ಲಿ ಬಂದ ಎಂ ಇವಿ1 ಮಾದರಿಯಲ್ಲಿ ಲೈಕಾ ಕಂಪನಿಯೇ ರೇಂಜ್‌ಫೈಂಡರ್ ತೆಗೆದು ಎಲೆಕ್ಟ್ರಾನಿಕ್ ಕಿಂಡಿಯನ್ನು ಇಟ್ಟಿದೆ. ಹಾಗಾಗಿ ಎಂ ಎಂಬ ಹೆಸರನ್ನು ನೋಡಿ ಒಳಗಿನ ಯಂತ್ರವನ್ನು ಊಹಿಸುವ ಕಾಲ ಮುಗಿದಿದೆ.

ಈ ಸಾಲಿನ ಹೊಸ ಕ್ಯಾಮರಾಗಳ ಬೆಲೆ ಬಹುಪಾಲು ಕಲಿಯುವವರ ಕೈಗೆ ನಿಲುಕುವುದಿಲ್ಲ, ಲೆನ್ಸನ್ನು ಬೇರೆಯಾಗಿಯೇ ಕೊಳ್ಳಬೇಕು. ಆದ್ದರಿಂದ ಹೆಚ್ಚಿನವರ ಮುಂದಿರುವ ಪ್ರಶ್ನೆ, ಆ ಯಂತ್ರವಿಲ್ಲದೆಯೂ ಅದರ ನೋಟವನ್ನು ಯಾವ ಪುಟ್ಟ ಕ್ಯಾಮರಾ ಉಳಿಸಿಕೊಂಡಿದೆ ಎಂಬುದು.

ಫ್ಯೂಜಿಫಿಲ್ಮ್ ಎಕ್ಸ್100 ಸರಣಿ

2010ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿ 2011ರಲ್ಲಿ ಮಾರಾಟಕ್ಕೆ ಬಂದ ಎಕ್ಸ್100 ಈ ಪ್ರಶ್ನೆಗೆ ಸಿಕ್ಕ ಮೊದಲ ಗಟ್ಟಿ ಉತ್ತರ. 35 ಮಿ.ಮೀ. ಫಿಲ್ಮಿನ ಅಳತೆಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್, ಬದಲಿಸಲಾಗದ 23 ಮಿ.ಮೀ. ಎಫ್/2 ಲೆನ್ಸ್ (ಎಫ್ ಅಂಕೆ ಬೆಳಕು ಒಳಬರುವ ಅಪರ್ಚರಿನ ಅಳತೆ; ಅಂಕೆ ಚಿಕ್ಕದಾದಷ್ಟೂ ಅಪರ್ಚರ್ ಅಗಲ), ಅಂದರೆ ಫಿಲ್ಮ್ ಕ್ಯಾಮರಾದ 35 ಮಿ.ಮೀ. ಲೆನ್ಸ್ ಕೊಡುವಷ್ಟೇ ಅಗಲದ ನೋಟ. ಅದರ ವೈಶಿಷ್ಟ್ಯ ಇರುವುದು ಹೈಬ್ರಿಡ್ ವ್ಯೂಫೈಂಡರ್‌ನಲ್ಲಿ. ಬರಿಯ ಗಾಜಿನ ಕಿಂಡಿಯ ಮೂಲಕ ಹೊರಗಿನ ದೃಶ್ಯ ನೇರವಾಗಿ ಕಾಣುತ್ತದೆ, ಅದರ ಮೇಲೆ ಚೌಕಟ್ಟಿನ ಗೆರೆಗಳೂ ಅಂಕೆಗಳೂ ಬೆಳಕಾಗಿ ಬೀಳುತ್ತವೆ. ಮುಂಭಾಗದ ಪುಟ್ಟ ಸನ್ನೆಯನ್ನು ಬೆರಳಿನಿಂದ ಎಳೆದರೆ ಅದೇ ಕಿಂಡಿ ಪೂರ್ಣ ಎಲೆಕ್ಟ್ರಾನಿಕ್ ಪರದೆಯಾಗಿ ಬದಲಾಗುತ್ತದೆ. ಶಟರ್ ಗುಂಡಿಯನ್ನು ಅರ್ಧ ಒತ್ತಿ ಫೋಕಸ್ ಮಾಡಿದಾಗ ಚೌಕಟ್ಟು ದೂರಕ್ಕೆ ತಕ್ಕಂತೆ ಸರಿಯುವುದನ್ನು ಕಂಡರೆ ಎಂ3 ನೆನಪಾಗದೆ ಇರದು. 2014ರ ಎಕ್ಸ್100ಟಿ ಮಾದರಿಯಿಂದೀಚೆಗೆ, ಗಾಜಿನ ಕಿಂಡಿಯ ಮೂಲೆಯಲ್ಲೇ ಒಂದು ಸಣ್ಣ ಎಲೆಕ್ಟ್ರಾನಿಕ್ ಚೌಕವನ್ನು ತೆರೆದು ಫೋಕಸ್ ಆದ ಭಾಗವನ್ನು ದೊಡ್ಡದಾಗಿ ನೋಡಿಕೊಳ್ಳಬಹುದು. ಹಳೆಯ ಕೂಡುಬಿಂಬದ ಚೌಕಕ್ಕೆ ಇದು ಸಮನಲ್ಲವಾದರೂ, ಕಣ್ಣು ತೆಗೆಯದೆಯೇ ಫೋಕಸ್ ಪರೀಕ್ಷಿಸುವ ಕೆಲಸ ಸಾಗುತ್ತದೆ.

2020ರ ಎಕ್ಸ್100ವಿ ಹೊಸದಾಗಿ ರೂಪಿಸಿದ ಲೆನ್ಸನ್ನೂ ಓರೆಮಾಡಬಹುದಾದ ಪರದೆಯನ್ನೂ ತಂದಿತು. 2024ರ ಎಕ್ಸ್100ವಿಐ ಮಾದರಿಗೆ 40 ಮೆಗಾಪಿಕ್ಸೆಲ್ ಸೆನ್ಸರ್ ಮತ್ತು ಕೈನಡುಕವನ್ನು ತಡೆಯುವ ವ್ಯವಸ್ಥೆ ಬಂದವು. ತೂಕ ಬ್ಯಾಟರಿ ಸಹಿತ ಸುಮಾರು 520 ಗ್ರಾಂ. ಲೆನ್ಸಿನೊಳಗೇ ಇರುವ ಲೀಫ್ ಶಟರ್ ಬಹುತೇಕ ಸದ್ದಿಲ್ಲದೆ ಕೆಲಸ ಮಾಡುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ನಡುಹಗಲ ಬಿಸಿಲಿನಲ್ಲಿ ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒವನ್ನು 125ಕ್ಕೆ ಇಟ್ಟುಕೊಂಡರೆ ಎಫ್/16ಕ್ಕೆ 1/125 ಸೆಕೆಂಡ್ ಬೇಕೆಂಬ ಹಳೆಯ ಸೂತ್ರದ ಪ್ರಕಾರ, ಎಫ್/2ಕ್ಕೆ 1/8000 ಸೆಕೆಂಡ್ ಬೇಕಾಗುತ್ತದೆ. ಲೀಫ್ ಶಟರ್ ಅಷ್ಟು ವೇಗವಾಗಿ ಮುಚ್ಚಿಕೊಳ್ಳಲಾರದು. ಅದಕ್ಕಾಗಿಯೇ ಕ್ಯಾಮರಾದೊಳಗೆ ನಾಲ್ಕು ಸ್ಟಾಪ್‌ಗಳ, ಅಂದರೆ ಬೆಳಕನ್ನು ಹದಿನಾರರಲ್ಲಿ ಒಂದು ಪಾಲಿಗೆ ಇಳಿಸುವ, ಎನ್‌ಡಿ ಫಿಲ್ಟರ್ ಇಟ್ಟಿದ್ದಾರೆ. ಅದನ್ನು ಹಾಕಿದೊಡನೆ ಬೇಕಾದ ವೇಗ 1/500 ಸೆಕೆಂಡಿಗೆ ಇಳಿಯುತ್ತದೆ.

ಹಾಗಿದ್ದೂ ಇದನ್ನು ರೇಂಜ್‌ಫೈಂಡರ್ ಎಂದು ಕರೆಯಲಾಗದು. ಫೋಕಸ್ ಬಳೆ ವಿದ್ಯುತ್ ಸಂಕೇತದ ಮೂಲಕ ಕೆಲಸ ಮಾಡುವುದರಿಂದ ಅದಕ್ಕೆ ಆರಂಭ, ಅಂತ್ಯಗಳ ತಡೆಯಿಲ್ಲ; ಲೆನ್ಸಿನ ಮೇಲೆ ದೂರದ ಅಂಕೆಗಳನ್ನು ಕೊರೆದಿಲ್ಲ. ಗಾಜಿನ ಕಿಂಡಿಯ ವರ್ಧನೆ ಸುಮಾರು 0.52 ಮಾತ್ರ, ಆದ್ದರಿಂದ ಎರಡೂ ಕಣ್ಣು ತೆರೆದು ನೋಡುವ ಸುಖ ಇಲ್ಲಿ ಸಿಗದು.

ದೂರವನ್ನು ಮೊದಲೇ ಹೊಂದಿಸಿಕೊಳ್ಳುವ ಅಭ್ಯಾಸ

ಹಳೆಯ ರೇಂಜ್‌ಫೈಂಡರ್ ಬಳಸುತ್ತಿದ್ದ ಬೀದಿ ಛಾಯಾಗ್ರಾಹಕರು ಹಲವು ವೇಳೆ ಆ ಎರಡು ಬಿಂಬಗಳನ್ನು ಕೂಡಿಸುವ ಗೋಜಿಗೂ ಹೋಗುತ್ತಿರಲಿಲ್ಲ. ಅಪರ್ಚರನ್ನು ಕಿರಿದುಮಾಡಿ, ದೂರವನ್ನು ಒಂದು ಅಂಕೆಗೆ ಇಟ್ಟುಬಿಟ್ಟು, ಉಳಿದ ಗಮನವನ್ನೆಲ್ಲ ದೃಶ್ಯಕ್ಕೆ ಕೊಡುತ್ತಿದ್ದರು. ಇದರ ಹಿಂದಿರುವ ಗಣಿತ ಸರಳ. ಫೋಕಲ್ ಲೆಂತ್‌ನ (ಲೆನ್ಸಿನ ಹೆಸರಿನಲ್ಲಿರುವ ಮಿ.ಮೀ. ಅಂಕೆ) ವರ್ಗವನ್ನು ಅಪರ್ಚರ್ ಸಂಖ್ಯೆ ಮತ್ತು ಒಪ್ಪಬಹುದಾದ ಮಸುಕಿನ ವ್ಯಾಸ ಇವೆರಡರ ಗುಣಲಬ್ಧದಿಂದ ಭಾಗಿಸಿ, ಬಂದದ್ದಕ್ಕೆ ಫೋಕಲ್ ಲೆಂತ್ ಕೂಡಿಸಿದರೆ ಹೈಪರ್‌ಫೋಕಲ್ ದೂರ ದೊರೆಯುತ್ತದೆ. ಆ ದೂರಕ್ಕೆ ಫೋಕಸ್ ಇಟ್ಟರೆ ಅದರ ಅರ್ಧದಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಎಪಿಎಸ್-ಸಿ ಸೆನ್ಸರಿಗೆ ಮಸುಕಿನ ವ್ಯಾಸವನ್ನು 0.02 ಮಿ.ಮೀ. ಎಂದು ಹಿಡಿದರೆ, 23 ಮಿ.ಮೀ. ಲೆನ್ಸಿಗೆ ಎಫ್/8ರಲ್ಲಿ ಈ ದೂರ ಸುಮಾರು 3.3 ಮೀಟರ್. ಅಂದರೆ 1.7 ಮೀಟರ್‌ನಿಂದ ಆಚೆಗಿನದೆಲ್ಲ ಫೋಕಸಿನಲ್ಲಿ. ಪೂರ್ಣ ಅಳತೆಯ ಸೆನ್ಸರ್ ಮೇಲೆ 35 ಮಿ.ಮೀ. ಲೆನ್ಸ್ ಇದ್ದು, ವ್ಯಾಸವನ್ನು 0.03 ಎಂದು ಹಿಡಿದರೆ, ಅದೇ ಎಫ್/8ಕ್ಕೆ ಸುಮಾರು 5.1 ಮೀಟರ್ ಬರುತ್ತದೆ. ನೋಟದ ಅಗಲ ಒಂದೇ ಆದರೂ ಚಿಕ್ಕ ಸೆನ್ಸರ್ ಈ ಅಭ್ಯಾಸಕ್ಕೆ ಹೆಚ್ಚು ಅನುಕೂಲ ಎಂಬುದನ್ನು ಇಲ್ಲಿ ಗುರುತಿಸಿಕೊಳ್ಳಬೇಕು. ದೊಡ್ಡ ಸೆನ್ಸರ್ ಇದ್ದಷ್ಟೂ ಒಳ್ಳೆಯದೆಂಬ ಮಾತು ಎಲ್ಲ ಕೆಲಸಕ್ಕೂ ಅನ್ವಯಿಸುವುದಿಲ್ಲ.

ಇದೇ ಲೆಕ್ಕ ಎಕ್ಸ್100 ಸರಣಿಯ ಒಂದು ಮೆನು ಆಯ್ಕೆಯನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಕಿಂಡಿಯ ಕೆಳಗೆ ಕಾಣುವ ದೂರದ ಪಟ್ಟಿಯ ಮೇಲೆ, ಯಾವ ಭಾಗ ಸ್ಪಷ್ಟವಾಗಿರುತ್ತದೆ ಎಂಬುದು ಒಂದು ಬಣ್ಣದ ಪಟ್ಟೆಯಾಗಿ ಮೂಡುತ್ತದೆ. ಹೊಸ ಮಾದರಿಗಳ ಮೆನುವಿನಲ್ಲಿ ಈ ಪಟ್ಟೆಯನ್ನು ಪಿಕ್ಸೆಲ್ ಆಧಾರದಲ್ಲಿ ತೋರಿಸಬೇಕೆ, ಫಿಲ್ಮ್ ಆಧಾರದಲ್ಲಿ ತೋರಿಸಬೇಕೆ ಎಂದು ಆರಿಸಬಹುದು. ಪಿಕ್ಸೆಲ್ ಆಧಾರ ಬಹಳ ಕಟ್ಟುನಿಟ್ಟು. ಎಫ್/8ರಲ್ಲೂ ಪಟ್ಟೆ ಸಣ್ಣದಾಗಿಯೇ ಉಳಿದು, ದೂರವನ್ನು ಅಂದಾಜಿಸುವ ಅಭ್ಯಾಸವೇ ಅಸಾಧ್ಯವೆಂಬ ಭಾವನೆ ಹುಟ್ಟಿಸುತ್ತದೆ. ಫಿಲ್ಮ್ ಆಧಾರಕ್ಕೆ ಬದಲಿಸಿದರೆ ಪಟ್ಟೆ ಅಗಲವಾಗಿ, ಮುದ್ರಿತ ಚಿತ್ರವನ್ನು ಸಾಮಾನ್ಯ ಅಂತರದಿಂದ ನೋಡುವವರ ಕಣ್ಣಿಗೆ ಹೊಂದುವ ಅಳತೆ ಸಿಗುತ್ತದೆ. ಚಿತ್ರವನ್ನು ಗಣಕದ ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ನೋಡುವವರು ಮೊದಲನೆಯದನ್ನೂ, ಉಳಿದವರು ಎರಡನೆಯದನ್ನೂ ಇಟ್ಟುಕೊಳ್ಳುವುದು ಸೂಕ್ತ.

ಇತರ ಆಯ್ಕೆಗಳು

ದೂರದ ಅಂಕೆಗಳನ್ನು ಲೆನ್ಸಿನ ಮೇಲೆಯೇ ಓದಬೇಕೆನ್ನುವವರಿಗೆ ಲೈಕಾ ಕ್ಯೂ ಸರಣಿ ಇದೆ. 2015ರ ಮೊದಲ ಕ್ಯೂ, 2019ರ ಕ್ಯೂ2, 2023ರ ಕ್ಯೂ3 ಈ ಮೂರರಲ್ಲೂ 28 ಮಿ.ಮೀ. ಎಫ್/1.7 ಲೆನ್ಸ್, 2024ರಲ್ಲಿ 43 ಮಿ.ಮೀ. ಲೆನ್ಸಿನ ರೂಪವೂ ಬಂದಿತು. ಫೋಕಸ್ ಬಳೆಗೆ ಬೆರಳಿಡಲು ಹಿಡಿಯಿದೆ, ತಿರುಗುವಿಕೆಗೆ ಎರಡೂ ಕೊನೆಗಳಲ್ಲಿ ತಡೆಯಿದೆ. ಕೈಗೆ ಸಿಗುವ ಅನುಭವದಲ್ಲಿ ಹಳೆಯ ಕ್ಯಾಮರಾಗಳಿಗೆ ಇದಕ್ಕಿಂತ ಹತ್ತಿರ ಬರುವ ಪುಟ್ಟ ಡಿಜಿಟಲ್ ಕ್ಯಾಮರಾ ಸಿಗುವುದು ಕಷ್ಟ. ಆದರೆ ಕಿಂಡಿ ಎಲೆಕ್ಟ್ರಾನಿಕ್, ಚೌಕಟ್ಟಿನ ಹೊರಗಿನ ಲೋಕ ಕಾಣುವುದಿಲ್ಲ. ಅಮೆರಿಕದಲ್ಲಿ ಬಿಡುಗಡೆಯಾದಾಗ ಕ್ಯೂ3ರ ಬೆಲೆ 5,995 ಡಾಲರ್, ಎಕ್ಸ್100ವಿಐನದು 1,599 ಡಾಲರ್.

ರಿಕೋ ಜಿಆರ್ ಸರಣಿಯದು ಇದಕ್ಕೆ ತಿರುಗುಮುರುಗು. 2019ರ ಜಿಆರ್ 3 ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ, ತೂಕ 260 ಗ್ರಾಂ ಒಳಗೆ. ಅದಕ್ಕೆ ಕಿಂಡಿಯೇ ಇಲ್ಲ. ಮೇಲೆ ಬೇರೊಂದು ಗಾಜಿನ ಕಿಂಡಿಯನ್ನು ಸಿಕ್ಕಿಸಿಕೊಳ್ಳಬಹುದು. ಆದರೆ ಅದರ ಸ್ನ್ಯಾಪ್ ಫೋಕಸ್ ವ್ಯವಸ್ಥೆಯಲ್ಲಿ 1.5 ಅಥವಾ 2.5 ಮೀಟರ್‌ನಂತಹ ದೂರವನ್ನು ಮೊದಲೇ ಆರಿಸಿಟ್ಟು, ಶಟರ್ ಗುಂಡಿಯನ್ನು ಒಮ್ಮೆಗೇ ಪೂರ್ತಿ ಒತ್ತಿದರೆ ಕ್ಯಾಮರಾ ಹುಡುಕಾಟವಿಲ್ಲದೆ ಆ ದೂರದಲ್ಲೇ ಚಿತ್ರ ತೆಗೆಯುತ್ತದೆ. ರೇಂಜ್‌ಫೈಂಡರ್‌ನ ರೂಪ ಒಂದಿಷ್ಟೂ ಇಲ್ಲದ ಈ ಕ್ಯಾಮರಾ ಅದರ ಕೆಲಸದ ರೀತಿಯನ್ನು ಹಲವು ಚೆಂದದ ಕ್ಯಾಮರಾಗಳಿಗಿಂತ ನಿಷ್ಠೆಯಿಂದ ಉಳಿಸಿಕೊಂಡಿದೆ.

ಪೂರ್ಣ ಅಳತೆಯ ಸೆನ್ಸರನ್ನು ಪುಟ್ಟ ಮೈಯಲ್ಲಿ ಅಡಗಿಸಿದ ಸೋನಿ ಆರ್‌ಎಕ್ಸ್1 2012ರಲ್ಲಿ ಬಂದಾಗ ಅದರಲ್ಲಿ ಕಿಂಡಿ ಇರಲಿಲ್ಲ, 2015ರ ಆರ್‌ಎಕ್ಸ್1ಆರ್ 2 ಮಾದರಿಯಲ್ಲಿ ಎಲೆಕ್ಟ್ರಾನಿಕ್ ಕಿಂಡಿ ಸೇರಿತು. ಲೆನ್ಸ್ ಬದಲಿಸುವ ಸ್ವಾತಂತ್ರ್ಯ ಬೇಕಾದವರು 2025ರ ಫ್ಯೂಜಿಫಿಲ್ಮ್ ಎಕ್ಸ್-ಇ5 ನೋಡಬಹುದು. ಕಿಂಡಿ ಎಡ ಮೂಲೆಯಲ್ಲಿದೆ, ಆದರೆ ಅದು ಎಲೆಕ್ಟ್ರಾನಿಕ್ ಮಾತ್ರ.

ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ

ಮೊದಲು ಕ್ಯಾಮರಾವನ್ನು ಆನ್ ಮಾಡದೆಯೇ ಎಫ್/8 ಮತ್ತು 1/250 ಸೆಕೆಂಡಿಗೆ ಹೊಂದಿಸಲು ಪ್ರಯತ್ನಿಸಿ. ಎರಡೂ ಅಂಕೆಗಳು ಮೈಮೇಲೆಯೇ ಓದಲು ಸಿಕ್ಕಿದರೆ, ಜೇಬಿನಿಂದ ತೆಗೆಯುವಾಗಲೇ ಸಿದ್ಧವಾಗಿರುವ ಕ್ಯಾಮರಾ ಅದು. ಬಳಿಕ ಕಣ್ಣಿನ ಪರೀಕ್ಷೆ. ಎಡ ಮೂಲೆಯ ಕಿಂಡಿಗೆ ಬಲಗಣ್ಣಿಟ್ಟಾಗ ಮೂಗು ಕ್ಯಾಮರಾದಿಂದ ಹೊರಗೆ ಉಳಿದು, ಎಡಗಣ್ಣು ದೃಶ್ಯವನ್ನು ನೇರವಾಗಿ ನೋಡುತ್ತದೆ. ಎಡಗಣ್ಣಿನಿಂದಲೇ ನೋಡುವ ರೂಢಿಯವರಿಗೆ ಈ ಲಾಭವಿಲ್ಲ, ಕ್ಯಾಮರಾ ಬಲಗಣ್ಣನ್ನು ಮುಚ್ಚಿಬಿಡುತ್ತದೆ. ಅಂಥವರು ಮೂಲೆಯ ಕಿಂಡಿಗಾಗಿ ಹೆಚ್ಚು ಹಣ ಕೊಡುವ ಮುನ್ನ ಯೋಚಿಸಬೇಕು. ಕನ್ನಡಕ ಧರಿಸುವವರು ಚೌಕಟ್ಟಿನ ನಾಲ್ಕೂ ಮೂಲೆಗಳು ಒಟ್ಟಿಗೆ ಕಾಣುತ್ತವೆಯೇ ಎಂಬುದನ್ನು ತಮ್ಮ ಕನ್ನಡಕದೊಂದಿಗೇ ನೋಡಬೇಕು.

ಆಮೇಲೆ ಮೂರು ಮೀಟರ್ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿಕೊಳ್ಳಿ. 35 ಮಿ.ಮೀ. ನೋಟದಲ್ಲಿ ಆ ದೂರಕ್ಕೆ ಚೌಕಟ್ಟಿನ ಅಗಲ ಸುಮಾರು 3.1 ಮೀಟರ್, ಎತ್ತರ ಸುಮಾರು 2 ಮೀಟರ್. ಕ್ಯಾಮರಾ ಅಡ್ಡ ಹಿಡಿದಾಗ ನಿಂತ ವ್ಯಕ್ತಿ ತಲೆಯಿಂದ ಕಾಲಿನವರೆಗೆ ಹಿಡಿಸುತ್ತಾರೆ. ಈ ಅಳತೆ ಕಣ್ಣಿಗೆ ಒಗ್ಗಿದರೆ ಕಿಂಡಿಗೆ ಕಣ್ಣಿಡದೆಯೂ ಎಲ್ಲಿ ನಿಲ್ಲಬೇಕೆಂದು ಗೊತ್ತಾಗುತ್ತದೆ. 28 ಮಿ.ಮೀ. ನೋಟಕ್ಕೆ ಅದೇ ಚಿತ್ರ ಬೇಕಾದರೆ ಸುಮಾರು 2.4 ಮೀಟರ್‌ಗೆ ಹತ್ತಿರವಾಗಬೇಕು. ಅಪರಿಚಿತರಿಗೆ ಅಷ್ಟು ಹತ್ತಿರ ಹೋಗಲು ಮನಸ್ಸು ಒಪ್ಪುತ್ತದೆಯೇ ಎಂಬುದನ್ನು ಕೊಳ್ಳುವವರು ತಮಗೆ ತಾವೇ ಕೇಳಿಕೊಳ್ಳಬೇಕಾಗುತ್ತದೆ.

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಇನ್ನೊಂದು ವಿಷಯ. ಎಕ್ಸ್100ವಿ ಮತ್ತು ಎಕ್ಸ್100ವಿಐ ಕ್ಯಾಮರಾಗಳ ಮೈಗೆ ನೀರು, ದೂಳುಗಳಿಂದ ರಕ್ಷಣೆ ಇದೆಯೆಂದರೂ, ಲೆನ್ಸಿನ ಮುಂದೆ ಪ್ರತ್ಯೇಕ ಅಡಾಪ್ಟರ್ ಬಳೆಯನ್ನೂ 49 ಮಿ.ಮೀ. ರಕ್ಷಣಾ ಫಿಲ್ಟರನ್ನೂ ಹಾಕಿದಾಗ ಮಾತ್ರ ಅದು ಪೂರ್ಣವಾಗುತ್ತದೆ. ಆದ್ದರಿಂದ ಆ ಎರಡರ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಲೆನ್ಸ್ ಬಿಚ್ಚಲಾಗದ ಕ್ಯಾಮರಾದೊಳಗೆ ಬೂಷ್ಟು ಹಿಡಿದರೆ ಇಡೀ ಕ್ಯಾಮರಾವನ್ನೇ ದುರಸ್ತಿಗೆ ಕೊಡಬೇಕಾಗುವುದರಿಂದ, ಮಳೆಗಾಲದ ತಿಂಗಳುಗಳಲ್ಲಿ ಅದನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು, ಜೆಲ್ ಬಣ್ಣ ಬದಲಾದಾಗಲೆಲ್ಲ ಅದನ್ನು ಬಿಸಿಮಾಡಿ ಒಣಗಿಸಿಕೊಳ್ಳಬೇಕು.