ಒಂದೇ ಹಳ್ಳದ ಮೀನು: ಬಂದುಲ ಬಾರ್ಬ್ ಅಳಿವಿನಂಚಿಗೆ ಬಂದದ್ದು ಹೇಗೆ?

ಶ್ರೀಲಂಕಾದ ಕೇಗಲ್ಲೆ ಜಿಲ್ಲೆಯ ಗಲಪಿಟಮಡದ ಬಳಿ, ಕೆಲಣಿ ನದಿಯ ಜಲಾನಯನದಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತದೆ. ಅಕ್ಕಪಕ್ಕ ಭತ್ತದ ಗದ್ದೆ, ರಬ್ಬರ್ ತೋಟ, ಮನೆಗಳ ಹಿತ್ತಲು. ನಾಲ್ಕು ಸೆಂಟಿಮೀಟರ್ ಕೂಡ ಬೆಳೆಯದ ಬಂದುಲ ಬಾರ್ಬ್ ಮೀನಿಗೆ ಈ ಹಳ್ಳದ ಕೆಲವು ಕಿಲೋಮೀಟರ್ ಬಿಟ್ಟರೆ ಬೇರೆ ಸಹಜ ನೆಲೆ ಗೊತ್ತಿಲ್ಲ.

ಮೌರಿಸ್ ಕೊಟ್ಟೆಲಾ ಮತ್ತು ರೋಹನ್ ಪೆತಿಯಗೋಡ 1991ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಆಗ ಪುಂಟಿಯಸ್ ಕುಲದಲ್ಲಿದ್ದ ಮೀನು 2012ರಲ್ಲಿ ಪೆಥಿಯಾ ಕುಲಕ್ಕೆ ಸೇರಿತು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿರುವ ಪೆಥಿಯಾ ಸೆಟ್ನಾಯಿ ಕೂಡ ಇದೇ ಕುಲದ್ದು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಬಂದುಲ ಬಾರ್ಬ್ 'ತೀವ್ರ ಅಪಾಯದಲ್ಲಿರುವ' ಪ್ರಭೇದ.

ಬಣ್ಣದ ಮೀನಾದ್ದರಿಂದ ಅಕ್ವೇರಿಯಂ ವ್ಯಾಪಾರದ ಮೇಲೆ ದೂರು ಬರುವುದು ಸಹಜ. ಹಿಡಿಯುವವರಿಂದ ನಷ್ಟ ಆಗಿದ್ದೂ ನಿಜ. ಶ್ರೀಲಂಕಾ ಇದರ ರಫ್ತನ್ನು ನಿಷೇಧಿಸಿದೆ. ಆದರೆ ದೊಡ್ಡ ಪೆಟ್ಟು ಬೀಳುವುದು ದಡದಲ್ಲಿ. ಮೀನಿಗೆ ಕಾನೂನಿನ ರಕ್ಷಣೆ ಇದ್ದರೂ ಗದ್ದೆಯಿಂದ ಇಳಿಯುವ ನೀರಿಗೆ ಇಲ್ಲ.

ಕಾರಣ ಅದರ ಸಂತಾನಕ್ರಮದಲ್ಲಿದೆ. ಈ ಕುಲದ ಮೀನುಗಳು ಗೂಡು ಕಟ್ಟುವುದಿಲ್ಲ, ಮರಿ ಕಾಯುವುದಿಲ್ಲ. ನೀರುಗಿಡಗಳ ನಡುವೆ, ದಡದಿಂದ ಇಳಿಬಿದ್ದ ಬೇರುಗಳ ಮೇಲೆ ಅಂಟು ಮೊಟ್ಟೆಗಳನ್ನು ಚೆಲ್ಲಿ ಹೋಗುತ್ತವೆ. ಸುಮಾರು 25 ಡಿಗ್ರಿ ನೀರಿನಲ್ಲಿ ಒಂದೆರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ರೈತರು ಬದು ಸ್ವಚ್ಛ ಮಾಡಲೆಂದು ಕಳೆನಾಶಕ ಹೊಡೆದರೆ ಬೇರು ಸಾಯುತ್ತದೆ, ಮಣ್ಣು ಸಡಿಲವಾಗುತ್ತದೆ, ಮುಂದಿನ ಮಳೆಗೆ ಹೂಳು ಇಳಿದು ಮೊಟ್ಟೆಯನ್ನು ಮುಚ್ಚುತ್ತದೆ. ಹೂಳಿನಡಿ ಮೊಟ್ಟೆಗೆ ಆಮ್ಲಜನಕ ಸಿಗುವುದಿಲ್ಲ. ಇತ್ತ ಮಹಾ, ಯಲ ಎಂಬ ಎರಡೂ ಬೆಳೆಗಳಲ್ಲಿ ಕೀಟನಾಶಕ ಬೀಳುತ್ತದೆ. ಪೈರೆಥ್ರಾಯ್ಡ್ ಗುಂಪಿನವು ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ದರೂ ಮೀನನ್ನು ಕೊಲ್ಲಬಲ್ಲವು. ಅಂಥದ್ದು ಸಿಂಪಡಿಸಿದ ಬೆನ್ನಿಗೇ ನೀರು ಹೊರಬಿಡುವ ಗದ್ದೆಯ ಮಡೆ ತೆರೆದರೆ ಕೆಳಗಿನ ಹಳ್ಳದ ಒಂದು ತಲೆಮಾರಿನ ಮೀನು ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು. ಬೇರೆ ಹಳ್ಳಗಳಲ್ಲಿ ನೆಲೆಯಿರುವ ಮೀನಾಗಿದ್ದರೆ ಅಲ್ಲಿಂದ ಮತ್ತೆ ತುಂಬಿಕೊಳ್ಳುತ್ತಿತ್ತು. ಇದಕ್ಕೆ ಆ ದಾರಿಯೇ ಇಲ್ಲ.

ಆದ್ದರಿಂದ ಮೊದಲು ಆಗಬೇಕಾದದ್ದು ದಡದ ಕೆಲಸ. ಎರಡೂ ಬದಿಗೆ ಕೆಲವು ಮೀಟರ್ ಜಾಗದಲ್ಲಿ ಮದ್ದು ಹೊಡೆಯದೆ ಗಿಡ ಬಿಡಬೇಕು. ಲಗೆನಾಂಡ್ರದಂಥ, ಕೆಸುವಿನ ಬಳಗದ ಸ್ಥಳೀಯ ನೀರುಗಿಡಗಳನ್ನು ಅಂಚಿನಲ್ಲಿ ನೆಡಬೇಕು. ಸಿಂಪಡಿಸಿದ ಮೇಲೆ ಕನಿಷ್ಠ ಒಂದು ವಾರ ಮಡೆ ಕಟ್ಟಿಡಬೇಕು. ಭೂಮಿ ಖಾಸಗಿಯವರದ್ದು, ಹಾಗಾಗಿ ರೈತರು ಒಪ್ಪದೆ ಇದ್ಯಾವುದೂ ನಡೆಯದು. ಬೆಳೆನಷ್ಟದ ಭಯಕ್ಕೆ ಪರಿಹಾರ ಕೊಡದೆ ಅವರನ್ನು ದೂರುವುದು ಅನ್ಯಾಯ.

ಎರಡನೆಯದು, ಇನ್ನೊಂದು ಹಳ್ಳದಲ್ಲಿ ನೆಲೆ ಮಾಡಿಕೊಡುವುದು. ಅದೂ ಕೆಲಣಿ ಜಲಾನಯನದಲ್ಲೇ ಇರಬೇಕು, ಮಿಶ್ರತಳಿ ಹುಟ್ಟದಂತೆ ಹತ್ತಿರದ ಪೆಥಿಯಾ ಬಳಗ ಅಲ್ಲಿರಬಾರದು. ಒಂದೆರಡು ಜೋಡಿಯಿಂದ ತೊಟ್ಟಿಯಲ್ಲಿ ನೂರಾರು ಮರಿ ಮಾಡುವುದು ಸುಲಭ, ಮೊಟ್ಟೆ ಇಟ್ಟ ಕೂಡಲೇ ತಾಯ್ತಂದೆಯನ್ನು ಬೇರೆ ಮಾಡಿದರಾಯಿತು. ಇಲ್ಲವಾದರೆ ಅವೇ ತಿಂದುಬಿಡುತ್ತವೆ. ಆದರೆ ಹಾಗೆ ಹುಟ್ಟಿದವೆಲ್ಲ ಒಡಹುಟ್ಟುಗಳು. ಹಳ್ಳಕ್ಕೆ ಬಿಡಲು ಹತ್ತಾರು ಜೋಡಿಗಳ ಸಂತಾನ ಬೇಕು, ತೊಟ್ಟಿಯ ರೋಗ ಹಳ್ಳಕ್ಕೆ ಹೋಗದಂತೆ ಮೊದಲೇ ತಪಾಸಣೆ ಆಗಬೇಕು.

ಸಾಗಿಸುವ ಮುನ್ನ ಮೀನಿಗೆ ಒಂದು ದಿನ ಉಪವಾಸ. ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ತಲುಪಿದ ಮೇಲೆ ಚೀಲವನ್ನು ಇಪ್ಪತ್ತು ನಿಮಿಷ ಹಳ್ಳದಲ್ಲಿ ತೇಲಿಸಿ, ಅಲ್ಲಿನ ನೀರನ್ನು ಸ್ವಲ್ಪ ಸ್ವಲ್ಪವೇ ಬೆರೆಸಿ ಬಿಡಬೇಕು. ಬಿಟ್ಟ ಮೀನು ಬದುಕಿದ್ದರಷ್ಟೇ ನೆಲೆ ಆದಂತಲ್ಲ. ಅಲ್ಲೇ ಹುಟ್ಟಿದ ಮರಿಗಳು ಬೆಳೆದು ಮತ್ತೆ ಮೊಟ್ಟೆ ಇಡುವ ತನಕ, ಎರಡೂ ಬೆಳೆಗಳ ಕಾಲದಲ್ಲಿ ಎಣಿಕೆ ನಡೆಯುತ್ತಿರಬೇಕು.