ಡೆಟ್ರಾಯ್ಟ್ ಮೇಯರ್ ಕುರ್ಚಿ ಅಲ್ಲಾಡಿಸಿದ ಒಂದು ವಜಾ ಪ್ರಕರಣ

ನಮ್ಮಲ್ಲಿ ತಲೆನೋವಾದ ಅಧಿಕಾರಿಯನ್ನು ಎತ್ತಂಗಡಿ ಮಾಡುತ್ತಾರೆ. ಅಮೆರಿಕದಲ್ಲಿ ಆ ದಾರಿ ಅಷ್ಟು ಸುಲಭವಿಲ್ಲ. ಅಲ್ಲಿ ದೊಡ್ಡ ಊರುಗಳ ಪೊಲೀಸ್ ಇಲಾಖೆ ಆಯಾ ನಗರಾಡಳಿತದ್ದೇ. ಊರು ಬಿಟ್ಟು ಬೇರೆ ಊರಿಗೆ ಹಾಕಲು ಬರುವುದಿಲ್ಲ. ಹಾಗಾಗಿ ಸೀದಾ ಮನೆಗೆ.

2003ರ ಮೇ ತಿಂಗಳಲ್ಲಿ ಡೆಟ್ರಾಯ್ಟ್‌ನ ಡೆಪ್ಯುಟಿ ಪೊಲೀಸ್ ಚೀಫ್ ಗ್ಯಾರಿ ಬ್ರೌನ್ ಅವರಿಗೆ ಆದದ್ದೂ ಇದೇ. ಪೊಲೀಸರ ಮೇಲೆ ಬಂದ ದೂರುಗಳನ್ನು ತನಿಖೆ ಮಾಡುವ ವಿಭಾಗ ಅವರ ಕೈಯಲ್ಲಿತ್ತು. ಆ ಹೊತ್ತಿಗೆ ಮೇಯರ್ ಕ್ವಾಮೆ ಕಿಲ್‌ಪ್ಯಾಟ್ರಿಕ್ ಅವರ ಅಂಗರಕ್ಷಕರ ಮೇಲೆ ದೂರು ಬಂದಿತ್ತು. ಸುಳ್ಳು ಓವರ್‌ಟೈಮ್ ಬರೆಸಿಕೊಂಡರು, ಕುಡಿದು ಸರ್ಕಾರಿ ಕಾರು ಗುದ್ದಿಸಿ ಮುಚ್ಚಿಹಾಕಿದರು ಎಂಬ ಆರೋಪ. ದೂರು ಕೊಟ್ಟವರೂ ಅದೇ ತಂಡದ ಪೊಲೀಸ್, ಹೆರಾಲ್ಡ್ ನೆಲ್ತ್ರೋಪ್. ಮೇಯರ್ ಬಂಗಲೆಯಲ್ಲಿ ಮೋಜಿನ ಪಾರ್ಟಿ ನಡೆದಿತ್ತೆಂಬ ಗಾಳಿಮಾತೂ ಜೊತೆಗಿತ್ತು. ಅದು ಇವತ್ತಿಗೂ ಸಾಬೀತಾಗಿಲ್ಲ. ತನಿಖೆ ಮುಂದೆ ಹೋಗುವಷ್ಟರಲ್ಲಿ ಬ್ರೌನ್ ಹುದ್ದೆಯೇ ಹೋಯಿತು.

ಇಲ್ಲಿ ಡೆಟ್ರಾಯ್ಟ್ ಇರುವ ಮಿಷಿಗನ್ ರಾಜ್ಯದ ಒಂದು ಕಾನೂನು ಕೆಲಸಕ್ಕೆ ಬಂತು. ತಪ್ಪನ್ನು ಬಯಲಿಗೆ ತಂದವರನ್ನು ಕೆಲಸದಿಂದ ತೆಗೆಯಬಾರದು ಎನ್ನುವ 1980ರ ಕಾಯ್ದೆ. ಅದರಲ್ಲೊಂದು ಕಟ್ಟುನಿಟ್ಟಿದೆ: 90 ದಿನದೊಳಗೆ ಕೋರ್ಟಿಗೆ ಹೋಗಬೇಕು. ಕೆಲಸ ಹೋದ ಆಘಾತದಿಂದ ಮನುಷ್ಯ ಚೇತರಿಸಿಕೊಳ್ಳುವುದಕ್ಕೇ ಅಷ್ಟು ದಿನ ಬೇಕು, ಅಲ್ವಾ? ಇನ್ನು ಸಂವಿಧಾನದ ವಾಕ್ ಸ್ವಾತಂತ್ರ್ಯವನ್ನೇ ನೆಚ್ಚಿಕೊಳ್ಳೋಣವೆಂದರೆ 2006ರಲ್ಲಿ ಆ ಬಾಗಿಲೂ ಕಿರಿದಾಯಿತು. ಸರ್ಕಾರಿ ನೌಕರ ತನ್ನ ಕೆಲಸದ ಭಾಗವಾಗಿ ಹೇಳಿದ ಮಾತಿಗೆ ಆ ರಕ್ಷಣೆ ಇಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ತೀರ್ಪು ಕೊಟ್ಟಿತು. ಅಂದರೆ ಡ್ಯೂಟಿ ಮೇಲೆ ವರದಿ ಬರೆದ ಅಧಿಕಾರಿಗೆ ರಾಜ್ಯದ ಕಾಯ್ದೆಯೇ ಗತಿ.

ಬ್ರೌನ್ ಮತ್ತು ನೆಲ್ತ್ರೋಪ್ ಹೂಡಿದ ಕೇಸು ವಿಚಾರಣೆಗೆ ಬರುವಾಗ 2007. ಮೇಯರ್ ಕಡೆಯವರ ವಾದ ಕೇಳಿದರೆ ನಗು ಬರುತ್ತದೆ. ಬ್ರೌನ್ ಅವರನ್ನು ವಜಾ ಮಾಡಿಯೇ ಇಲ್ಲವಂತೆ, ಬರೀ ನೇಮಕವನ್ನು ಹಿಂದಕ್ಕೆ ತೆಗೆದುಕೊಂಡದ್ದಂತೆ! ಮೇಯರ್ ಮತ್ತು ಅವರ ಚೀಫ್ ಆಫ್ ಸ್ಟಾಫ್ ಕ್ರಿಸ್ಟೀನ್ ಬೀಟಿ ಇಬ್ಬರೂ ಪ್ರಮಾಣ ಮಾಡಿ ಸಾಕ್ಷಿ ಹೇಳಿದರು. ತಮ್ಮಿಬ್ಬರ ನಡುವೆ ಪ್ರೇಮ ಸಂಬಂಧ ಇಲ್ಲವೆಂದೂ ಹೇಳಿದರು. ತೀರ್ಪು ಹೇಳಲು ಕೂತಿದ್ದ ಸಾಮಾನ್ಯ ನಾಗರಿಕರ ತಂಡ, ಅಂದರೆ ಜ್ಯೂರಿ, ನಂಬಲಿಲ್ಲ. ಸೆಪ್ಟೆಂಬರ್ 11ರಂದು 65 ಲಕ್ಷ ಡಾಲರ್ ಪರಿಹಾರಕ್ಕೆ ತೀರ್ಪಾಯಿತು. ಮೇಲ್ಮನವಿ ಹಾಕುತ್ತೇನೆ ಎಂದು ಮೇಯರ್ ಗುಡುಗಿದರು.

ಮುಂದಿನ ತಿಂಗಳು ಅದೇ ಮೇಯರ್ ಸುಮ್ನೆ ರಾಜಿಗೆ ಒಪ್ಪಿದರು. ಅದೂ 84 ಲಕ್ಷ ಡಾಲರಿಗೆ. ಗೆದ್ದದ್ದಕ್ಕಿಂತ ಜಾಸ್ತಿ ದುಡ್ಡು ಯಾಕೆ? ಇನ್ನೊಬ್ಬ ಪೊಲೀಸ್ ಹೂಡಿದ್ದ ಕೇಸೂ ಅದರಲ್ಲಿ ಸೇರಿತ್ತು, ನಿಜ. ಆದರೆ ಅಸಲಿ ಕಾರಣ ಒಂದು ಪೇಜರ್, ಅಂದರೆ ಸಂದೇಶ ಕಳಿಸುವ ಪುಟ್ಟ ಯಂತ್ರ. ನಗರಾಡಳಿತ ಕೊಟ್ಟಿದ್ದ ಆ ಪೇಜರ್‌ನಲ್ಲಿ ಬೀಟಿ ಮತ್ತು ಮೇಯರ್ ಕಳಿಸಿಕೊಂಡ ಸಂದೇಶಗಳನ್ನು ಬ್ರೌನ್ ಪರ ವಕೀಲ ಮೈಕಲ್ ಸ್ಟೆಫಾನಿ ಪೇಜರ್ ಸೇವೆಯ ಕಂಪನಿಯಿಂದಲೇ ತರಿಸಿಕೊಂಡಿದ್ದರು. ಸಂಬಂಧ ಇದ್ದದ್ದೂ ಅದರಲ್ಲಿತ್ತು, ಬ್ರೌನ್ ಅವರನ್ನು ತೆಗೆದುಹಾಕಿದ ಮಾತೂ ಇತ್ತು. ರಾಜಿ ಮಾತುಕತೆಯ ದಿನ ಎದುರು ವಕೀಲರಿಗೆ ಆ ಸಂದೇಶಗಳ ವಿವರವಿದ್ದ ಅರ್ಜಿ ತೋರಿಸಿದರು. ಅಷ್ಟೇ.

ರಾಜಿಗೆ ನಗರಸಭೆಯ ಸದಸ್ಯರು ಒಪ್ಪಿಗೆ ಕೊಟ್ಟರು. ಸಂದೇಶಗಳನ್ನು ಬಚ್ಚಿಡುವ ಇನ್ನೊಂದು ಗುಟ್ಟಿನ ಒಪ್ಪಂದ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕೇಸಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ. ಪ್ರೇಮ ಪ್ರಕರಣ ಮೇಯರ್ ಮನೆಯ ವಿಷಯ. ಆದರೆ ಅದನ್ನು ಮುಚ್ಚಲು ಸುರಿದದ್ದು ಊರಿನ ತೆರಿಗೆ ದುಡ್ಡು, ಅದೂ ಬೀದಿ ದೀಪ ಉರಿಸಲೂ ಪರದಾಡುತ್ತಿದ್ದ ಊರಿನದು.

ಡೆಟ್ರಾಯ್ಟ್ ಫ್ರೀ ಪ್ರೆಸ್ ಪತ್ರಿಕೆ ಬಿಡಲಿಲ್ಲ. 2008ರ ಜನವರಿಯಲ್ಲಿ ಸಂದೇಶಗಳನ್ನು ಅಚ್ಚು ಹಾಕಿತು. ಗುಟ್ಟಿನ ಒಪ್ಪಂದದ ಕಾಗದಗಳಿಗಾಗಿ, ನಮ್ಮ ಆರ್‌ಟಿಐ ಥರದ ಅಲ್ಲಿನ ಕಾನೂನು ಹಿಡಿದು ಕೋರ್ಟಿಗೂ ಹೋಯಿತು. ಫೆಬ್ರುವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಗರಾಡಳಿತದ ಮೇಲ್ಮನವಿಯನ್ನು ತಳ್ಳಿಹಾಕಿತು, ಕಾಗದ ಹೊರಬಂತು. ಮಾರ್ಚ್‌ನಲ್ಲಿ ಮೇಯರ್ ಮೇಲೆ ಸುಳ್ಳುಸಾಕ್ಷಿ ಸೇರಿ ಹಲವು ಆರೋಪ ಬಿತ್ತು. ಸೆಪ್ಟೆಂಬರ್‌ನಲ್ಲಿ ತಪ್ಪೊಪ್ಪಿಕೊಂಡು ಕುರ್ಚಿ ಬಿಟ್ಟರು, ಜೈಲಿಗೆ ಹೋದರು. ಮರು ವರ್ಷ ಪತ್ರಿಕೆಗೆ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು.

2013ರಲ್ಲಿ ಕಿಲ್‌ಪ್ಯಾಟ್ರಿಕ್ ಅವರಿಗೆ ಬಿದ್ದ 28 ವರ್ಷದ ಶಿಕ್ಷೆ ಬೇರೆಯದೇ ಭ್ರಷ್ಟಾಚಾರದ ಕೇಸಿನದು. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ಅದನ್ನು 2021ರಲ್ಲಿ ಟ್ರಂಪ್ ಕಡಿತ ಮಾಡಿದರು. ಅದೇ 2013ರಲ್ಲಿ ಡೆಟ್ರಾಯ್ಟ್ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಈ 84 ಲಕ್ಷ ಕಾರಣವಲ್ಲ, ಸಾಲದ ಬೆಟ್ಟ ದಶಕಗಳಿಂದ ಬೆಳೆದದ್ದು.

ತಪ್ಪೊಪ್ಪಿಗೆಯ ಕರಾರಿನಲ್ಲಿ ಕಿಲ್‌ಪ್ಯಾಟ್ರಿಕ್ ನಗರಕ್ಕೆ ವಾಪಸ್ ಕೊಡಲು ಒಪ್ಪಿದ್ದು 10 ಲಕ್ಷ ಡಾಲರ್. ಬ್ರೌನ್ 2009ರ ಚುನಾವಣೆಗೆ ನಿಂತು ನಗರಸಭೆಗೆ ಗೆದ್ದರು. ಆಮೇಲೆ ಊರಿನ ನೀರು ಮತ್ತು ಒಳಚರಂಡಿ ಇಲಾಖೆಯ ಮುಖ್ಯಸ್ಥರಾದರು.