ಸವಾರ ದಣಿದರೆ ಕುದುರೆಯ ಬೆನ್ನಿಗೆ ಭಾರ

ದೂರದ ಕುದುರೆ ಸವಾರಿಯ ಸ್ಪರ್ಧೆಗಳಲ್ಲಿ, ಅಂದರೆ ಎಂಡ್ಯೂರೆನ್ಸ್ ರೈಡಿಂಗ್‌ನಲ್ಲಿ, ಮೇಲಿನ ಹಂತದ ಒಂದು ದಿನದ ಓಟ 160 ಕಿಲೋಮೀಟರು. ನಮ್ಮ ಕಡೆಯ ಲೆಕ್ಕದಲ್ಲಿ ಅದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗಿ, ಹಿಂದಿರುಗಿ, ಮತ್ತೆ ಅದೇ ದಾರಿಯ ಮಂಡಗದ್ದೆಯನ್ನು ದಾಟುವಷ್ಟು ದೂರ. ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಆರಂಭವಾದ ಟೆವಿಸ್ ಕಪ್‌ನಲ್ಲಿ 100 ಮೈಲಿಯ ಬೆಟ್ಟದ ಹಾದಿಯನ್ನು 24 ಗಂಟೆಯೊಳಗೆ ಮುಗಿಸಬೇಕು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಹಾದಿಯನ್ನು ಹಲವು ಹಂತಗಳಾಗಿ ಒಡೆದು, ಪ್ರತಿ ಹಂತದ ಕೊನೆಯಲ್ಲಿ ಪಶುವೈದ್ಯರು ಕುದುರೆಯನ್ನು ಪರೀಕ್ಷಿಸುತ್ತಾರೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 30ರಿಂದ 40ರಷ್ಟಿರುವ ಎದೆಬಡಿತವು ಓಟ ನಿಂತ ಸ್ವಲ್ಪ ಹೊತ್ತಿನಲ್ಲಿ ಸಾಮಾನ್ಯವಾಗಿ 64ಕ್ಕೆ ಇಳಿಯಬೇಕು. ಕುತ್ತಿಗೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ತಟ್ಟನೆ ಮೊದಲಿನಂತಾಗಬೇಕು, ಒಸಡನ್ನು ಒತ್ತಿ ಬಿಟ್ಟಾಗ ಕೆಂಪು ಕೂಡಲೇ ಮರಳಬೇಕು, ಪಕ್ಕೆಗೆ ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಸದ್ದು ಕೇಳಬೇಕು, ನೇರ ಹಾದಿಯಲ್ಲಿ ಓಡಿಸಿದರೆ ಕುಂಟಬಾರದು. ಇಷ್ಟರಲ್ಲಿ ಯಾವುದು ಸರಿಯಿಲ್ಲದಿದ್ದರೂ ಓಟ ಅಲ್ಲಿಗೇ ಮುಗಿಯಬಹುದು.

ಇಷ್ಟೊಂದು ಎಚ್ಚರ ಬೇಕಾಗುವುದು ಶಾಖದಿಂದಾಗಿ. ಓಡುವ ಕುದುರೆಯ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಶಾಖವಾಗಿಯೇ ಹೊರಬೀಳುತ್ತದೆ. ಅದನ್ನು ಹೊರಹಾಕಲು ಕುದುರೆ ಬೆವರುತ್ತದೆ. ಬಿಸಿ ಹವೆಯಲ್ಲಿ ಗಂಟೆಗೆ 10 ಲೀಟರಿಗೂ ಮೀರಿ ಬೆವರಬಲ್ಲದು. ಕುದುರೆಯ ಬೆವರಿನಲ್ಲಿ ಉಪ್ಪಿನಂಶವು ರಕ್ತದಲ್ಲಿರುವುದಕ್ಕಿಂತ ಹೆಚ್ಚಿರುವುದರಿಂದ, ನೀರಿನ ಜೊತೆಗೆ ಉಪ್ಪೂ ಹೋಗಿ, ರಕ್ತದಲ್ಲಿ ಉಪ್ಪಿನ ಪ್ರಮಾಣ ಏರಿದಾಗ ಹುಟ್ಟಬೇಕಾದ ಬಾಯಾರಿಕೆಯೇ ಸರಿಯಾಗಿ ಹುಟ್ಟುವುದಿಲ್ಲ. ದೇಹ ಒಣಗುತ್ತಿದ್ದರೂ ಬಕೆಟ್ಟಿನಿಂದ ಮುಖ ತಿರುಗಿಸುವ ಕುದುರೆಯನ್ನು ನೋಡಿ 'ಅದಕ್ಕೆ ನೀರು ಬೇಕಿಲ್ಲ' ಎಂದುಕೊಳ್ಳುವುದು ಆದ್ದರಿಂದಲೇ ಅಪಾಯಕಾರಿ. ಮೊದಲು ಸ್ವಲ್ಪ ಉಪ್ಪುನೀರನ್ನು ಕುಡಿಸಿದರೆ ಬಾಯಾರಿಕೆ ಮರಳುತ್ತದೆ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಬೆವರು ಆವಿಯಾದರೆ ಮಾತ್ರ ಮೈ ತಣ್ಣಗಾಗುತ್ತದೆ, ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ನೀರೂ ಉಪ್ಪೂ ವ್ಯರ್ಥ. ಆಷಾಢದಲ್ಲಿ ಆಗುಂಬೆಯ ಮನೆಗಳ ಹಗ್ಗದ ಮೇಲೆ ಬಟ್ಟೆ ಒಣಗದಿರುವ ಕಾರಣವೇ ಇಲ್ಲೂ ಕೆಲಸ ಮಾಡುತ್ತದೆ. ಇಂಥ ಹವೆಯಲ್ಲಿ ಮೈಮೇಲೆ ತಣ್ಣೀರನ್ನು ಮತ್ತೆ ಮತ್ತೆ ಸುರಿಯುವುದೇ ಪರಿಣಾಮಕಾರಿ. ಬಿಸಿಯಾದ ಕುದುರೆಗೆ ತಣ್ಣೀರು ಹೊಯ್ದರೆ ಸ್ನಾಯು ಹಿಡಿದುಕೊಳ್ಳುತ್ತದೆ ಎಂಬ ಹಳೆಯ ನಂಬಿಕೆ ಪ್ರಯೋಗಗಳ ಮುಂದೆ ನಿಲ್ಲಲಿಲ್ಲ. ಆದರೂ ಲಾಯಗಳಲ್ಲಿ ಅದು ಇನ್ನೂ ಜೀವಂತವಾಗಿದೆ.

ಇನ್ನು ಸವಾರನ ವಿಷಯ. ನನ್ನ ಮಟ್ಟಿಗೆ ಈ ಕ್ರೀಡೆಯಲ್ಲಿ ಸಾಕಷ್ಟು ಚರ್ಚೆಯಾಗದ ಭಾಗ ಇದೇ. ಟ್ರಾಟ್ ಎಂಬ ಮಧ್ಯಮ ವೇಗದ ನಡೆಯಲ್ಲಿ ಕುದುರೆಯ ಮುಂಗಾಲೂ ಎದುರು ಬದಿಯ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ. ಸವಾರ ಈ ಲಯಕ್ಕೆ ಸರಿಯಾಗಿ ಎದ್ದು ಕೂರುತ್ತಾನೆ, ಎಂದರೆ ಅವನು ಕೂರುವ ಹೊತ್ತಿಗೆ ಪ್ರತಿ ಸಲವೂ ಒಂದೇ ಜೋಡಿ ಕಾಲುಗಳು ನೆಲದ ಮೇಲಿರುತ್ತವೆ. ಭಾರವೆಲ್ಲ ಅದೇ ಜೋಡಿಗೆ ಬೀಳದಂತೆ, ಆಗಾಗ ಇನ್ನೊಂದು ಜೋಡಿ ನೆಲದ ಮೇಲಿರುವಾಗ ಕೂರುವಂತೆ ಲಯ ಬದಲಿಸಬೇಕು. ಹಲವು ಗಂಟೆಗಳ ನಂತರ ತೊಡೆ ನಡುಗತೊಡಗಿದಾಗ ಸವಾರ ಮೊದಲು ಮರೆಯುವುದು ಇದನ್ನೇ. ಬಳಿಕ ಅವನು ಒಂದು ಪಕ್ಕಕ್ಕೆ ವಾಲುತ್ತಾನೆ, ಮೆಲ್ಲನೆ ಕೂರುವ ಬದಲು ಬೆನ್ನಿನ ಮೇಲೆ ಧೊಪ್ಪನೆ ಬೀಳುತ್ತಾನೆ, ಸಮತೋಲಕ್ಕಾಗಿ ಲಗಾಮಿನ ಮೇಲೆಯೇ ಜೋತು ಬೀಳುತ್ತಾನೆ. ತೂಕ ಅಷ್ಟೇ ಇದ್ದರೂ ಜೀನಿನ ಒಂದೇ ಭಾಗದಲ್ಲಿ ಒತ್ತಡ ಹೆಚ್ಚಿ, ಕುದುರೆಯ ಬೆನ್ನು ನೋಯುತ್ತದೆ, ನಡೆಯೂ ಕೆಡುತ್ತದೆ. ಗಮನವೂ ಕುಂದುವುದರಿಂದ, ಹೆಜ್ಜೆಯಲ್ಲಿನ ಸಣ್ಣ ವ್ಯತ್ಯಾಸ ಅವನಿಗೆ ತಿಳಿಯುವುದೇ ಇಲ್ಲ. ಆಗುಂಬೆಯಂಥ ಘಾಟಿಯ ಇಳಿಜಾರಿನಲ್ಲಿ ಮುಂಗಾಲುಗಳ ಮೇಲೆ ಭಾರ ಹೆಚ್ಚು ಬೀಳುವಾಗ ಇಂಥ ಸವಾರ ಇಳಿದು ಪಕ್ಕದಲ್ಲಿ ನಡೆಯುವುದೇ ಮೇಲು. ಅನುಭವಿಗಳು ದಣಿಯುವ ಮೊದಲೇ ಹಾಗೆ ಮಾಡುತ್ತಾರೆ.

ಪರೀಕ್ಷೆಯ ನಂತರ ಕಡ್ಡಾಯ ವಿಶ್ರಾಂತಿ ಇರುತ್ತದೆ, ಸಾಮಾನ್ಯವಾಗಿ 40 ನಿಮಿಷವೋ ಹೆಚ್ಚೋ. ಕುದುರೆ ಮೇಯುವ ಆ ಹೊತ್ತಿನಲ್ಲಿ ಸವಾರ ನೀರು ಹೊತ್ತು, ಜೀನು ಬಿಗಿದು, ಗೊರಸು ನೋಡುತ್ತಾ ಓಡಾಡುತ್ತಿರುತ್ತಾನೆ. ಆ ಕೆಲಸಗಳನ್ನು ಜೊತೆಗಾರರಿಗೆ ಬಿಟ್ಟು, ಒಂದಿಷ್ಟು ತಿಂದು, ನೀರು ಕುಡಿದು ನೆರಳಲ್ಲಿ ಕಾಲು ಚಾಚುವುದನ್ನೂ ಕುದುರೆಯ ಆರೈಕೆಯ ಪಟ್ಟಿಯಲ್ಲೇ ಬರೆದಿಡಬೇಕು.